ಬಡಿಯೋದು ಬಿಟ್ಟಾಗ

ಫಕ್ಕೀರಪ್ಪ ಹೊಂಬಳ ಹೊಸ ಹುಡುಗರಿಗೆ ಕಲಿಸುವುದು
ಒಂದು ಸ್ಟೀಲಿನ ಸ್ಕೇಲಿನಿಂದ.
ಮೇಜಿನಂಚಿಗೆ ಒತ್ತಿ ಹಿಡಿದು ತುದಿ ಮೀಟುತ್ತಾರೆ: ಟ್ರರ್ರರ್ರ.
‘ಗಾಳ್ಯಾಗ ಹಿಂಗ.’
ಆಮೇಲೆ ನೆಲ ಒರೆಸುವ ಬಕೆಟ್ಟಿನಲ್ಲಿ ಅದ್ದಿ
ಮತ್ತೆ ಮೀಟುತ್ತಾರೆ. ಬುಳುಕ್. ಮುಗಿಯಿತು.
‘ನೀರಾಗ ಹಿಂಗ. ಪಾಪ, ತನ್ನ ಜೋಡಿ
ನೀರನ್ನೂ ಹೊತಗೊಂಡು ಅಲ್ಲಾಡಬೇಕಲ್ಲ!’
ನಿರ್ವಾತ ತೋರಿಸಲು ಅವರ ಹತ್ತಿರ ಬಕೆಟ್ಟಿಲ್ಲ.

ನಾನು ಕಂಡಿದ್ದೇನೆ, ಪಕ್ಕದ ಕೋಣೆಯ ಉಕ್ಕಿನ ಡಬ್ಬಿಯಲ್ಲಿ.
ಕೂದಲಿಗಿಂತ ಸಪೂರ ಪಟ್ಟಿ, ಒಮ್ಮೆ ತಟ್ಟಿದರೆ
ಸಾವಿರ ಸಲ ತೂಗಿಯೂ ದಣಿಯದು.
ತಡೆಯುವವರಿಲ್ಲದ ಕಡೆ
ನಿಲ್ಲುವುದೂ ತಡ.
ಚುಕ್ಕಿ ಚುಕ್ಕಿಗೂ ಅದು ಸುಮ್ಮನಾಗಲೆಂದು ಕಾದು
ಒಂದೇ ಚಿತ್ರಕ್ಕೆ ಒಂದು ಮಧ್ಯಾಹ್ನ ಹೋಗಿತ್ತು.

ಇವತ್ತು ನೀರು.
ಒಣಗಿದ ಜೀವಕೋಶ ಏನೂ ಹೇಳುವುದಿಲ್ಲ.
ರಾತ್ರಿ ಒಂದೂ ಮುಕ್ಕಾಲು, ಧಾರವಾಡ ಮಲಗಿದೆ,
ದುರ್ಗದಬೈಲಿನಿಂದ ಫಕ್ಕೀರಪ್ಪ ಚೌಕಾಶಿ ಮಾಡಿ ತಂದ
ರಬ್ಬರು ಹಗ್ಗಕ್ಕೆ ಕಲ್ಲು ಚಪ್ಪಡಿ ತೂಗುತ್ತಿದೆ,
ಅದರ ಮೇಲೆ ಯಂತ್ರ.
ಗಾಳಿಯಲ್ಲಿ ಸೆಕೆಂಡಿಗೆ ಎಪ್ಪತ್ತು ಸಾವಿರ,
ತೆಂಗಿನ ಗರಿಯ ಕಡ್ಡಿಯ ಹಾಗೆ ನೆಟ್ಟಗೆ ನಿಂತಿದ್ದ ಶಿಖರ.
ನೀರು ಬಿಟ್ಟದ್ದೇ
ತೆರೆಯ ತುಂಬ ಮುಳ್ಳುಕಂಟಿ.
ಕ್ಲಿಪ್ಪಿನದೊಂದು ದನಿ, ಗಾಜಿನದೊಂದು,
ನೀರ ಹನಿಯದೇ ಒಂದು, ಎಲ್ಲರೂ
‘ನಾನೇ, ನಾನೇ’ ಅನ್ನುವವರು.

‘ಮೆಹಜಬೀನ್ ಮೇಡಂ, ಬಡಿಯೋದು ಬಿಡ್ರಿ.
ತಾನ ಹೇಳ್ತದ.’

ಬಿಟ್ಟೆ.
ಯಾರೂ ತಟ್ಟದ ಪಟ್ಟಿ
ಬರಿಯ ಬೆಚ್ಚಗಿರುವುದಕ್ಕೇ ನಡುಗುತ್ತದೆ.
ನೀರಿನ ಒಂದೊಂದು ಕಣ ಬಂದು ಗುದ್ದಿ ಹೋಗುತ್ತದೆ.
ಕಂಟಿಯೆಲ್ಲ ಕರಗಿ ಉಳಿಯಿತು
ಅಗಲವಾದ, ಗಿಡ್ಡನೆಯ, ಒಂದೇ ದಿಬ್ಬ,
ಇಪ್ಪತ್ತಾರು ಸಾವಿರದ ಹತ್ತಿರ.
ಎಷ್ಟು ನಡುಗುತ್ತದೋ ಅಷ್ಟು ಮೆತ್ತಗೆ,
ಲೆಕ್ಕ ಇಷ್ಟೇ.
ಗಡಸು ಪಟ್ಟಿ ಆಗಿದ್ದರೆ ಕೋಶ ಹರಿದಿರುತ್ತಿತ್ತು.

ನಸುಕಿಗೆ ಪಟ್ಟಿ ಬದಲಿಸಬೇಕಾಯಿತು.
ಮಾರ್ಚಿಗೆ ನಿವೃತ್ತಿ ಫಕ್ಕೀರಪ್ಪನವರಿಗೆ.
ಎರಡು ವರ್ಷದಿಂದ ಕೈ ನಡುಗುತ್ತದೆ,
ನಾವ್ಯಾರೂ ಅದರ ಮಾತೆತ್ತಿಲ್ಲ.
ಚಿಮಟದ ತುದಿಯಲ್ಲಿ ಅಕ್ಕಿಕಾಳಿಗಿಂತ ಸಣ್ಣ ಚಿಪ್ಪು.
ಮೊಣಕೈಯನ್ನು ಮೇಜಿನಂಚಿಗೆ ಒತ್ತಿ
ಕಾದರು.
ನಡುಕದ ಒಂದು ಬದಿಗೂ ಇನ್ನೊಂದು ಬದಿಗೂ ನಡುವೆ
ಅವರಿಗಷ್ಟೇ ಗೊತ್ತಿರುವ ಒಂದು ಜಾಗವಿತ್ತು.
ಅಲ್ಲಿ ಬಿಟ್ಟರು. ಕೂತಿತು.

‘ಹುಬ್ಬಳ್ಳಿ ಗೂಡ್ಸ್ ಹೋತೇನ್ರಿ?’
ಅಂದರು, ಕೈ ಕಿಸೆಯಲ್ಲಿಟ್ಟು.