ನೂಲಿನ ತಕ್ಕಡಿ

ಒಂಬತ್ತು ವರ್ಷ
ಬೆಟಗೇರಿಯ ಈ ಮೆಡಿಕಲ್ ಅಂಗಡಿಯೊಳಗ
ಸ್ಟೂಲ್ ಹತ್ತಿ ಹತ್ತಿ ಡಬ್ಬಿ ಇಳಿಸಿದಾಕಿ ನಾನು.
ಕೂಸಿಗೆ ಎಷ್ಟು ತಿಂಗಳ್ರಿ?
ಆರರ ಒಳಗಿದ್ರ ಒಂದನೇ ನಂಬರ್, ದಾಟಿದ್ರ ಎರಡು.
ಕೇಳ್ತಿದ್ದೆ. ಮಾರಿ ನೋಡ್ತಿದ್ದಿಲ್ಲ,
ಚಿಲ್ರೆ ಎಣಿಸ್ತಿದ್ದೆ.

ಇವತ್ತ ಗಾಜಿನ ಈಚಿ ಕಡೆ ನಿಂತೇನಿ.
ಹೆಗಲ ಮ್ಯಾಲ ಇಪ್ಪತ್ಮೂರು ದಿನದ ಮಗಳು.
ಆಕಿ ಬಾಯಿಂದ ನನ್ನ ಹೆಗಲಿಗೆ, ಹೆಗಲಿಂದ ಕುಬಸಕ್ಕ,
ಕುಬಸದಿಂದ ಸೆರಗಿನ ತೆನಿಗೆ
ಮೊಸರು ವಾಸನಿಯ ಒಂದು ಸಣ್ಣ ಹಳ್ಳ.
ನನ್ನ ಬದಲಿ ಸೇರಿದ ಹುಡುಗ ಮೈಲಾರಿ
ಅದ ಸ್ಟೂಲ್ ಮ್ಯಾಲ ನಿಂತು ಕೇಳ್ತಾನ,
"ಯಾವುದು ಕೊಡ್ಲಿ, ಸುಲೋಚನಕ್ಕ?"

ಯಾವುದು.

ಹೆರಿಗಿಯಾಗಿ ಮೂರನೇ ದಿನಕ್ಕ ಜ್ವರ,
ದವಾಖಾನಿಯಾಗ ಆರು ದಿನ,
ಮನಿಗೆ ಬರೂದ್ರಾಗ ಎದಿ ಬತ್ತಿತ್ತು.
ಅತ್ತಿ ಸಬ್ಬಸಗಿ ಪಲ್ಲೆ ಮಾಡಿದ್ರು, ಬಳ್ಳೊಳ್ಳಿ ಸುಟ್ಟು ಕೊಟ್ರು,
ಅಂಟಿನ ಉಂಡಿ ಕಟ್ಟಿದ್ರು.
ಉಂಡಿ ನನ್ನ ಮೈಗೆ ಹತ್ತಿತು.
ಕೂಸಿಗೆ ಮುಟ್ಟಲಿಲ್ಲ.

ಮೊದಲ್ನೇ ಡಬ್ಬಿ ಐದು ದಿನ ನಡೀತು.
ಎರಡನೇದ್ದು ಕಕ್ಕೋ ಕೂಸಿಗಂತನ ಮಾಡಿದ್ದು, ಗಟ್ಟಿ,
ಹುಬ್ಬಳ್ಳಿಯಿಂದ ತರಿಸಿದ್ದು. ನಿಪ್ಪಲಿನ ತೂತು ಕಟ್ಟಿ
ಮಗಳು ಕೆಂಪಾಗಿ ಚೀರಿದ್ಲು.
ಮೂರನೇದ್ದು ಸೋಯಾದ್ದು, ನಾದಿನಿ ಫೋನಿನ್ಯಾಗ ಹೇಳಿದ್ದು.
ಓಣಿಯ ಸಾವಂತ್ರೆವ್ವ ಕಟ್ಟಿ ಮ್ಯಾಲ ಕುಂತು,
"ಆಕಳ ಹಾಲಿಗೆ ನೀರು ಬೆರಸವ್ವಾ,
ನಮ್ಮ ಹುಡುಗ್ರು ಬೆಳೀಲಿಲ್ಲೇನು?"

ಎಲ್ಲಾ ಡಬ್ಬಿ ಮ್ಯಾಲೂ ಒಂದ ಸಾಲು:
ತಾಯಿ ಹಾಲೇ ಕೂಸಿಗೆ ಶ್ರೇಷ್ಠ.
ಒಂಬತ್ತು ವರ್ಷ ಕೈಯಾಗ ಹಿಡದು ಒಮ್ಮಿನೂ ಓದಿದ್ದಿಲ್ಲ.
ಈಗ ರಾತ್ರಿ ಮೂರಕ್ಕ, ಮೊಬೈಲ್ ಬೆಳಕಿನ್ಯಾಗ,
ಮೂವತ್ತು ಎಂಎಲ್ ನೀರಿಗೆ ಒಂದು ಚಮಚ,
ಮಟ್ಟ ಎಳದು ಹಾಕೂವಾಗ
ಅದ ನನ್ನನ್ನ ಓದತೈತಿ.

ನಿನ್ನೆ ಸಂಜಿ ಮಗ್ಗ ನಿಲ್ಲಿಸಿ ಬಂದ ಗ್ಯಾನಪ್ಪ,
ತಲಿ ತುಂಬ ನೂಲಿನ ಜುಂಗು.
ಡಬ್ಬಿ ಓದಾಕ ಅವಗ ಬರೂದಿಲ್ಲ.
ಸುಮ್ನ ಕೂಸಿನ್ನ ದುಪಟಿಯಾಗ ಸುತ್ತಿ
ನೂಲು ತೂಗೂ ತಕ್ಕಡಿ ಮ್ಯಾಲ ಮಲಗಿಸಿದ.
ಕಂಡಕಿ ತೂಕ ಕಳೀತಾರಲ್ಲ, ಹಂಗ
ದುಪಟಿ ತೂಕ ಕಳದ.
ಮೂರು ಕೆಜಿ, ಮ್ಯಾಲ ಹತ್ತು ಗ್ರಾಂ.
ದವಾಖಾನಿ ಚೀಟಿಯಾಗ ಎರಡು ಆರನೂರು.

"ಸಾವ್ಕಾರ ನೂಲು ತೂಗಿ ಕೊಡ್ತಾನ,
ಸೀರಿ ತೂಗಿ ತಗೋತಾನ.
ನಡುವ ನೆಲಕ್ಕ ಬಿದ್ದ ಜುಂಗು ಯಾರು ಲೆಕ್ಕಾ ಹಿಡೀತಾರ?
ಸೀರಿ ಬರಾಕತ್ತೈತಿ ನೋಡು."

ನಗು ಬಂತು. ಅದರ ಬೆನ್ನಿಗೆ ಮತ್ತೊಂದು ಬಂತು,
ಅದನ್ನ ಅದ ದುಪಟಿಗೆ ಒರಸಿದೆ.

ಮುಂಜಾನೆ ಡಾಕ್ಟರ್ ಬಾಯಾರು
ಡಬ್ಬಿ ಹೆಸರು ಕೇಳಲೇ ಇಲ್ಲ.
ಹಸರು ಕಕ್ಕತಾಳೇನು? ಪಿಚಕಾರಿಯಂಗ ಚಿಮ್ಮತೈತೇನು?
ಉಚ್ಚಿ ದಿನಕ್ಕ ಎಷ್ಟು ಸಲ?
ಬೆರಳು ಮಡಚಿ ಹೇಳಿದೆ. ತೂಕ ಹೇಳಿದೆ,
ಯಾವ ತಕ್ಕಡಿ ಅಂತ ಹೇಳಲಿಲ್ಲ.
"ಹಂಗಿದ್ರ ಮೊದಲ್ನೇದ್ದ ಸಾಕು.
ಸ್ವಲ್ಪ ಸ್ವಲ್ಪ ಕುಡಸ್ರಿ, ತೇಗು ಬರೂತನ ಎತ್ತಿ ಹಿಡೀರಿ.
ಕುಂದರೂ ವಯಸ್ಸಿಗೆ ತಾನ ಕಮ್ಮಿ ಆಕ್ಕೈತಿ."

"ಮೊದಲ್ನೇದ್ದು," ಅಂದೆ ಮೈಲಾರಿಗೆ. "ಆ ಎಡಕಿಂದು.
ತಾರೀಖು ನೋಡಿ ಕೊಡು."
ಡಬ್ಬಿ ಇಳೀತು.
ಗಾಜಿನ ಮ್ಯಾಲ ಮಗಳೂ ತನ್ನ ಪಾಲು ಇಳಿಸಿದ್ಲು.
ಅವ ಚಿಲ್ರೆ ಎಣಿಸೂದು ಬಿಟ್ಟು
ಆಕಿ ಮಾರಿ ನೋಡಿದ.
ಒರಸೂ ಅರಿವಿಗೆ ನಾನ ಬಗ್ಗಿದೆ.
ಹಳೇ ಜಾಗದಾಗ ಇತ್ತು, ಸ್ಟೂಲಿನ ಕೆಳಗ.