ಒಂದು ಗೊರಸು ಒಳಗೆ

ನಾನು ಡಾಕ್ಟರಲ್ಲ, ಗೊರಸು ಕೆರೆಯುವವಳು.
ಸಮಂದಾ ಊರಾಚೆ, ಕಿತ್ತಳೆ ತೋಟದ ಹಿಂದೆ
ಏಳು ಕತ್ತೆ, ಎರಡು ಕುದುರೆ, ಒಂದು ಹಠಮಾರಿ ಮೇಕೆ.
ಮಂಗಳವಾರ, ಶುಕ್ರವಾರ
ಕಂಟೇನರ್ ಮನೆಗಳ ಮಕ್ಕಳನ್ನು ತುಂಬಿಕೊಂಡು
ಬಿಳಿ ವ್ಯಾನು ಬರುತ್ತದೆ.
ಸೆವ್‌ಜಾನ್ ಡಾಕ್ಟರಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ,
ನಾನು ಲದ್ದಿ ಎತ್ತುತ್ತೇನೆ.

ನನ್ನ ಮನೆಯ ವಿಚಾರ ಕೇಳಬೇಡಿ.
ಬೀಗದ ಕೈ ಉಳಿದಿದೆ, ಬಾಗಿಲಿಲ್ಲ.
ಗೊರಸಿನ ಸಂದಿಯ ಕಲ್ಲು ತೆಗೆಯಲು
ಅದಕ್ಕಿಂತ ಒಳ್ಳೆಯ ಹತಾರ ಸಿಕ್ಕಿಲ್ಲ.

ಯೆಕ್ತಾ ಬಂದದ್ದು ಭೂಕಂಪದ ನಂತರದ ಮೂರನೇ ಚಳಿಯಲ್ಲಿ.
ಹನ್ನೊಂದು ವರ್ಷ. ಸೂರಿನಡಿ ಮಲಗುವುದಿಲ್ಲ
ಎಂದಳು ಅವನ ಸೋದರತ್ತೆ.
ಕಂಟೇನರಿನ ಹೊರಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ,
ಬೂಟು ಬಿಚ್ಚದೆ ರಾತ್ರಿ ಕಳೆಯುತ್ತಾನಂತೆ.
ರಸ್ತೆಯಲ್ಲಿ ಲಾರಿ ಹೋದರೆ ಸಾಕು,
ಬಗ್ಗಿ ನೆಲಕ್ಕೆ ಅಂಗೈ ಇಡುತ್ತಾನೆ,
ಮಗುವಿನ ಹಣೆ ಮುಟ್ಟಿ
ಜ್ವರ ನೋಡುವವರ ಹಾಗೆ.

ಮೊದಲು ಅವನಿಗೆ ಕೊಟ್ಟದ್ದು ಹತ್ತಿಯಂಥ ಬಿಳಿ ಕುದುರೆ.
ಎಂಥ ಮಗುವೂ ಅದರ ಕತ್ತಿಗೆ ಜೋತುಬೀಳುತ್ತದೆ.
ಇವನು ಬೆನ್ನು ತಿರುಗಿಸಿದ.

ಜಿನುಗು ಮಳೆ. ಎಲ್ಲ ಪ್ರಾಣಿಗಳೂ ಕೊಟ್ಟಿಗೆಯೊಳಗೆ.
ಹೊರಗೆ ಒಂದೇ ಒಂದು ಕತ್ತೆ, ಹರಿದ ಕಿವಿಯದು,
ಹೆಸರು ಮ್ಯುದ್ಯುರ್, ಅಂದರೆ ಹೆಡ್‌ಮಾಸ್ತರು.
'ಇವನ್ಯಾಕೆ ಒಳಗಿಲ್ಲ?'
ಅದೇ ಅವನು ನಮ್ಮಲ್ಲಿ ಆಡಿದ ಮೊದಲ ಮಾತು.
ಡಾಕ್ಟರಮ್ಮ ಬಾಯಿ ತೆರೆಯುವ ಮುಂಚೆ ನಾನಂದೆ:
'ಛಾವಣಿ ಬಿದ್ದಿತ್ತು ಇವನ ಮೇಲೆ.'
'ಎಷ್ಟು ದಿನ?'
'ನಾಲ್ಕು.'
ಹುಡುಗ ತನ್ನ ಬೆರಳುಗಳನ್ನು ನೋಡಿಕೊಂಡ,
ಒಂದನ್ನು ಮಡಿಸಿದ.
'ಹಾಗಾದರೆ ಇವನದೇ ಜಾಸ್ತಿ.'

ಕತ್ತೆಗೇನು ಗೊತ್ತು ಎನ್ನುವವರು
ಒಮ್ಮೆ ಈ ಕಡೆ ಬರಲಿ.
ಸುಣ್ಣದ ಧೂಳಿನ ವಾಸನೆ ಗೊತ್ತು ಅದಕ್ಕೆ.
ಕತ್ತಲಲ್ಲಿ ಯಾರೋ ಹೆಸರು ಕೂಗಿ, ಕೂಗಿ,
ಆಮೇಲೆ ಕೂಗದಿದ್ದದ್ದು ಗೊತ್ತು.
ಹೇಳಲು ಬರುವುದಿಲ್ಲ, ಅಷ್ಟೆ.
ಹುಡುಗನಿಗೂ ಬರುತ್ತಿರಲಿಲ್ಲ.
ಇಬ್ಬರೂ ಹೇಳದೆ ನಿಲ್ಲುತ್ತಿದ್ದರು, ಮಧ್ಯೆ ಒಂದು ಬ್ರಷ್ಷು.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ.
ಒಂದು ಮಂಗಳವಾರ ಹೆಡ್‌ಮಾಸ್ತರು ಗಂಟಲು ಹರಿಯುವಂತೆ ಅರಚಿದ,
ಹುಡುಗ ನೀರಿನ ತೊಟ್ಟಿಯ ಪಕ್ಕ ಮುದುರಿಬಿದ್ದ,
ಹಲ್ಲು ಕಟಕಟ.
ಮೂರು ವಾರ ವ್ಯಾನಿನಲ್ಲಿ ಅವನ ಸೀಟು ಖಾಲಿ.
ಕತ್ತೆ ಗೇಟಿನ ಹತ್ತಿರ ಕಾಯುತ್ತಿತ್ತು ಎಂದು ಬರೆದರೆ ಚೆಂದ.
ಕಾಯಲಿಲ್ಲ. ಕಿತ್ತಳೆ ಸಿಪ್ಪೆ ತಿನ್ನುತ್ತಿತ್ತು.

ಮತ್ತೆ ಬಂದ ದಿನ ಆಲಿಕಲ್ಲು.
ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಯೆಕ್ತಾ ತೊಲೆ ಎಣಿಸಿದ.
ಕೋಲಿನಿಂದ ಒಂದೊಂದನ್ನೂ ತಟ್ಟಿ ಕಿವಿಗೊಟ್ಟ,
ಮಡಕೆ ಕೊಳ್ಳುವವರ ಹಾಗೆ.
'ಇದು ಎಷ್ಟು ಭಾರ ತಡೆಯುತ್ತೆ?'
ನನಗೆ ಗೊತ್ತಿಲ್ಲ ಅಂದೆ.
ಸುಳ್ಳು ಹೇಳಿದ್ದರೆ ಅವನಿಗೆ ಗೊತ್ತಾಗುತ್ತಿತ್ತು.
ಸ್ವಲ್ಪ ಹೊತ್ತು ಯೋಚಿಸಿದ.
ಆಮೇಲೆ ಕ್ಯಾರೆಟ್ ಹಿಡಿದು, ಹಿಮ್ಮುಖವಾಗಿ,
ಒಂದು ಹೆಜ್ಜೆ ಒಳಗಿಟ್ಟ.
ಕತ್ತೆಯದೊಂದು ಗೊರಸು ಹೊಸ್ತಿಲು ದಾಟಿತು.
ಉಳಿದ ಮೂರು ಹೊರಗೇ.

ಹಾಗೇ ನಿಂತಿದ್ದರು, ಎಷ್ಟು ಹೊತ್ತೋ.
ಒಬ್ಬನ ಬೆನ್ನು ಒಣಗಿ, ಒಬ್ಬನದು ತೊಯ್ದು.
ಡಾಕ್ಟರಮ್ಮನ ಪೆನ್ನು ಕಾಗದ ಮುಟ್ಟಲಿಲ್ಲ.

ಆ ರಾತ್ರಿಯೂ ಕುರ್ಚಿಯಲ್ಲೇ ಕೂತಿದ್ದನಂತೆ.
ಬೂಟಿನ ಲೇಸು ಸಡಿಲಿಸಿಕೊಂಡಿದ್ದ, ಬಿಚ್ಚಿರಲಿಲ್ಲ
ಎಂದಳು ಸೋದರತ್ತೆ ಫೋನಿನಲ್ಲಿ,
ಇದನ್ನೆಲ್ಲ ಹೇಳಬೇಕೋ ಬೇಡವೋ ಎಂಬ ದನಿಯಲ್ಲಿ.

ಶುಕ್ರವಾರ ಹೆಡ್‌ಮಾಸ್ತರರ ಎಡ ಹಿಂಗಾಲು ನೋಡಬೇಕು,
ಏನೋ ಕಲ್ಲು ಸಿಕ್ಕಿಕೊಂಡಿದೆ.
ಬೀಗದ ಕೈ ಅವನ ಕೈಗೇ ಕೊಡೋಣವೆಂದಿದ್ದೇನೆ.