ಎಳೆಯದ ಕೈ

ಮರದ ಕೊಳವೆಗೆ ಕಿವಿಯಿಟ್ಟೆ.
ಗುಂಡಿಗೆ ಹೊಕ್ಕುಳಿಗಿಂತ ಮೇಲೆ,
ಪಕ್ಕೆಲುಬಿನಡಿ ಗಟ್ಟಿ ಗುಂಡು:
ತಲೆ.
ಕೂತೇ ಬರುತ್ತದೆ ತಿಯೊಂಗೆಯ ಕೂಸು,
ದೋಣಿಯಲ್ಲಿ ಬೆಸ್ತ ಕೂತ ಹಾಗೆ.

ಮ್ಜುಜುವಿಗೆ ಹೋದ ಆಂಬುಲೆನ್ಸು
ಇನ್ನೂ ದಿಬ್ಬ ಹತ್ತುತ್ತಿರಬೇಕು.
ಕೆಳಗೆ ಸರೋವರ, ಮೀನುದೋಣಿಗಳ ಸಾಲುದೀಪ.

ಮಂಡಿಯೂರಿದಳು. ಅಂಡು ಬಂತು,
ಕಪ್ಪು ಮಲದ ಗೆರೆ, ಒಂದು ಕಾಲು, ಇನ್ನೊಂದು.
ಅತ್ತೆ ನ್ಯಾಚಿರ್ವಾ ‘ಎಳೀ, ಎಳೀ’ ಅಂದಳು.
ಎಳೆದರೆ ತೋಳು ಮೇಲೇರುತ್ತದೆ, ಗದ್ದ ಎತ್ತುತ್ತದೆ,
ಆಮೇಲೆ ತಲೆ ಬಾಗಿಲಲ್ಲೇ.
ಹದಿನೇಳು ವರ್ಷದ ಹಿಂದೊಮ್ಮೆ ಎಳೆದಿದ್ದೆ.

ಕೈ ಹಿಂದೆ ಕಟ್ಟಿಕೊಂಡೆ,
ಬೆರಳಿಗೆ ಬೆರಳು ಹೊಸೆಯುತ್ತ ನಿಂತೆ.
ತೋಳೆರಡೂ ತಾವಾಗಿಯೇ ಜಾರಿ ಬಿದ್ದವು.
ಆಗ ಮಾತ್ರ ಕೆನ್ನೆಯ ಮೂಳೆಗೆ ಎರಡು ಬೆರಳು,
ಗದ್ದ ಎದೆಗೆ.

ಕೊನೆಗೆ ಬಂದ ಮುಖ
ಸಿಟ್ಟಿನಿಂದ ನನ್ನನ್ನೇ ನೋಡಿತು:
ಇಷ್ಟು ಹೊತ್ತು ಏನು ಮಾಡುತ್ತಿದ್ದೆ?